ಮೇಲೆ ನೋಡದ ಕ್ಯಾಮೆರಾ

ಅಥವಾ ಆ ಟಿವಿ ನಮ್ಮದಾಗಿರಲಿಲ್ಲವೇನೋ. ನನ್ನ ಹೆಂಡತಿಯ ಪ್ರಕಾರ ಕ್ಯಾಸೆಟ್ ಹಾಕಿದ್ದು ಮೇಲಿನ ಮಹಡಿಯಲ್ಲಿ, ಅಣ್ಣನವರ ಮನೆಯಲ್ಲಿ. ನಮ್ಮಲ್ಲಿ ಆಗಿನ್ನೂ ವಿಸಿಆರ್ ಇರಲೇ ಇಲ್ಲ ಎನ್ನುತ್ತಾಳೆ ಅವಳು. ನನಗೆ ಮಾತ್ರ ಎಲ್ಲವೂ ನಮ್ಮ ಹಾಲಿನಲ್ಲೇ ನಡೆದಂತೆ ಕಾಣಿಸುತ್ತದೆ. ಎಡಗಡೆ ಕಿಟಕಿಯ ಏಸಿ, ಅದರಿಂದ ತೊಟ್ಟಿಕ್ಕುವ ನೀರಿಗೆ ಕೆಳಗಿಟ್ಟ ಐಸ್‌ಕ್ರೀಮಿನ ಖಾಲಿ ಡಬ್ಬ, ಕಾರ್ಪೆಟ್ಟಿನ ಮೇಲೆ ಕಾಲು ಮಡಚಿ ಕೂತ ನಾವೆಲ್ಲ. ಆದರೆ ಯೋಚಿಸಿದರೆ ಆ ಡಬ್ಬ ಇಟ್ಟದ್ದು ಎಷ್ಟೋ ವರ್ಷಗಳ ನಂತರ, ಬೇರೆಯೇ ಫ್ಲ್ಯಾಟಿನಲ್ಲಿ. ಅಂದರೆ ನನ್ನ ನೆನಪು ಎರಡು ಮನೆಗಳಿಂದ ಸಾಮಾನು ತೆಗೆದು ಮೂರನೆಯದೊಂದನ್ನು ಕಟ್ಟಿಕೊಂಡಿದೆ. ಯಾರಾದರೂ ಬಂದು ತಟ್ಟಿ ನೋಡಿದರೆ ಅದು ನಿಲ್ಲಲಾರದು.

ಹಾಗಾಗಿ ನನಗೆ ಖಚಿತವಾಗಿರುವ ಎರಡನ್ನು ಮೊದಲೇ ಹೇಳಿಬಿಡುತ್ತೇನೆ. ಟಿವಿಯಲ್ಲಿ ಮಂಗಳೂರಿನ ಒಂದು ಮನೆ ಇತ್ತು, ನಾವದನ್ನು ಕೊಳ್ಳುವುದರಲ್ಲಿದ್ದೆವು. ಮತ್ತು, ಅದಾದ ಕೆಲವು ವಾರಗಳ ಮೇಲೆ, ಅದೇ ಟಿವಿಯಲ್ಲಿ ಬಿದಿರಿನ ಕೋಲಿನಿಂದ ತಾರಸಿಯನ್ನು ಕೆಳಗಿನಿಂದ ತಟ್ಟುವ ಸದ್ದು ಬಂತು. ಟಕ್ ಟಕ್ ಎನ್ನುತ್ತಿದ್ದ ಸದ್ದು ಒಂದು ಕಡೆ ಬಂದು ಬದ್ ಬದ್ ಎಂದಿತು. ಆ ಬದ್ ಬದ್ ಮಾತ್ರ ನನ್ನ ಕಟ್ಟುಕತೆಯಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಟೈಲ್ಸ್, ನಲ್ಲಿ, ವಾಶ್‌ಬೇಸಿನ್ ಮಾರುವ ಒಂದು ಶೋರೂಮಿನಲ್ಲಿ ಸೇಲ್ಸ್‌ಮನ್. ನಾವಿದ್ದದ್ದು ಅದರ ಹಿಂದಿನ ಬೀದಿಯ ಕಟ್ಟಡದ ಮೊದಲ ಮಹಡಿಯಲ್ಲಿ. ನಮ್ಮ ತಲೆಯ ಮೇಲಿನ ಫ್ಲ್ಯಾಟಿನಲ್ಲಿ ನಾನು ಅಣ್ಣ ಎಂದು ಕರೆಯುತ್ತಿದ್ದವರು ಇದ್ದರು. ಒಡಹುಟ್ಟಿದವರಲ್ಲ, ನಮ್ಮ ಕಡೆಯವರು, ನನಗಿಂತ ಹತ್ತು ವರ್ಷ ಮೊದಲೇ ಅಲ್ಲಿಗೆ ಬಂದು ಒಂದು ಆಫೀಸಿನಲ್ಲಿ ದೊಡ್ಡ ಕುರ್ಚಿಗೆ ಏರಿದವರು. ಅವರ ಹೆಂಡತಿ ಅಕ್ಕ. ನನ್ನ ಹೆಂಡತಿಗೆ ಮತ್ರಾದ ಮೀನು ಮಾರ್ಕೆಟ್ಟಿನಲ್ಲಿ ಅಂಜಲ್ ಮೀನಿನ ಕಿವಿರು ಎತ್ತಿ ನೋಡಲು ಕಲಿಸಿದವರು, ಅವಳಿಗೆ ಜ್ವರ ಬಂದಾಗ ಗಂಜಿ ಇಳಿಸಿದವರು ಅವರೇ. ಒಂದು ಸ್ಟೀಲಿನ ಡಬ್ಬಿ ಆ ಎರಡು ಮಹಡಿಗಳ ನಡುವೆ ಹತ್ತಿ ಇಳಿಯುತ್ತಲೇ ಇತ್ತು. ಅದನ್ನು ಖಾಲಿ ಹಿಂತಿರುಗಿಸುವ ಕ್ರಮ ಇರಲಿಲ್ಲ. ಬಸಳೆ ಹೋದರೆ ಕೋರಿರೊಟ್ಟಿ ಬರುತ್ತಿತ್ತು.

ನಮ್ಮಂಥವರಿಗೆ ಆಗ ಅಲ್ಲಿ ಸ್ವಂತ ಮನೆ ಎಂಬುದೇ ಇರಲಿಲ್ಲ, ಕೊಳ್ಳುವ ಅವಕಾಶವೇ ಇರಲಿಲ್ಲ. ಅಲ್ಲಿ ವಾಸಿಸುವುದನ್ನು ಫ್ಲ್ಯಾಟ್ ಎನ್ನುತ್ತಿದ್ದೆವು, ಮನೆ ಎಂದರೆ ಊರಿನದು. ಅಣ್ಣ ಮಂಗಳೂರಿನ ಒಂದು ಗುಡ್ಡದ ಮೇಲೆ ಮನೆ ಕಟ್ಟಿಸಿದ್ದರು. ಬೀಗದ ಕೈ ಅಲ್ಲೇ ಇದ್ದ ಅವರ ಭಾವನ ಹತ್ತಿರ. ಈಗ ಅಕ್ಕನ ತಂಗಿಯರೆಲ್ಲ ಬೊಂಬಾಯಿಯಲ್ಲಿ ನೆಲೆಯೂರಿದ್ದರಿಂದ ಇವರೂ ಮುಂದೆ ಅಲ್ಲಿಗೇ ಹೋಗುವುದೆಂದು ತೀರ್ಮಾನಿಸಿದ್ದರು. ಒಂದು ಶುಕ್ರವಾರ ಊಟ ಮಾಡಿ ಕೈ ಒರೆಸಿಕೊಳ್ಳುತ್ತ ಅಣ್ಣ ಹೇಳಿದರು: "ಹೊರಗಿನವರಿಗೆ ಯಾಕೆ ಕೊಡುವುದು ಮಾರಾಯ? ನೀನೇ ತಗೊ."

ನಮಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಕಷ್ಟವೂ ಅಲ್ಲೇ ಇತ್ತು. ನಮ್ಮ ಉಳಿತಾಯ ಪೂರ್ತಿ ಆ ಮನೆಗೇ ಹೋಗುವುದಿತ್ತು. ಅದು ಸರಿಯಿಲ್ಲದೆ ಹೋದರೆ ಇನ್ನೊಂದು ಮನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನಾವು ಆ ಮನೆಯನ್ನು ನೋಡಿರಲಿಲ್ಲ. ಆದರೆ ನೋಡಬೇಕು, ತೋರಿಸಬೇಕು ಎಂದು ಗಂಜಿ ಕೊಟ್ಟವರ ಹತ್ತಿರ ಹೇಳುವುದು ಹೇಗೆ? ಹೇಳಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದಂತೆ.

ಅಣ್ಣನೇ ದಾರಿ ಮಾಡಿದರು. ಭಾವನಿಗೆ ಹೇಳಿ ಮನೆಯ ವೀಡಿಯೊ ತೆಗೆಸಿ, ಬರುವವರ ಕೈಯಲ್ಲಿ ಕ್ಯಾಸೆಟ್ ತರಿಸಿದರು. ಇದರಲ್ಲಿ ವಿಶೇಷವೇನೂ ಇರಲಿಲ್ಲ. ಆ ಕಾಲದಲ್ಲಿ ನಾವು ಎಲ್ಲವನ್ನೂ ಕ್ಯಾಸೆಟ್ಟಿನಲ್ಲೇ ನೋಡುತ್ತಿದ್ದೆವು: ತಂಗಿಯ ಮದುವೆ, ಭಾವೀ ಭಾವನ ಮುಖ, ಹುಟ್ಟಿ ತಿಂಗಳಾದ ಸ್ವಂತ ಮಗು. ನೋಡಿದ್ದೇವೆ ಎಂದೇ ತಿಳಿಯುತ್ತಿದ್ದೆವು. ಮನೆಯನ್ನೂ ಹಾಗೇ ನೋಡಿ ಕೊಂಡವರು ನಮ್ಮಲ್ಲಿ ಬೇಕಷ್ಟು ಮಂದಿ.

ನನ್ನ ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. ಅವಳು ಅಕ್ಕನ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ, ಯಾವ ಪೀಠಿಕೆಯೂ ಇಲ್ಲದೆ ಕೇಳಿಬಿಟ್ಟಳು: "ಅಕ್ಕಾ, ಕ್ಯಾಸೆಟ್ ನೋಡ್ಲಿಕ್ಕೆ ಶೋರೂಮಿಗೆ ಬರುವ ಆ ಇಂಜಿನಿಯರ್ ಸಾಹೇಬ್ರನ್ನೂ ಕರೆಯುವನಾ?"

ಹಾಲಿನಲ್ಲಿದ್ದ ಅಣ್ಣನಿಗೆ ಕೇಳಿಸಿತು. ಅವರು ದೊಡ್ಡದಾಗಿ ನಕ್ಕರು. "ಕರೀರಿ, ಕರೀರಿ! ನನ್ನ ಮನೆಗೆ ಎಂತ ಹೆದರಿಕೆ? ಡಾಕ್ಟರನ್ನೂ ಕರೀರಿ ಬೇಕಾದ್ರೆ, ಬಿಪಿ ನೋಡ್ಲಿ!"

ನಗುವಿನಷ್ಟೇ ನೋವೂ ಆ ಮಾತಿನಲ್ಲಿತ್ತು ಎಂದು ಆಗಲೇ ನನಗೆ ಅನಿಸಿತೋ, ಈಗ ನಾನದನ್ನು ಸೇರಿಸುತ್ತಿದ್ದೇನೋ ಗೊತ್ತಿಲ್ಲ.

ಇಂಜಿನಿಯರ್ ಸಾಹೇಬರು ಮಂಗಳೂರಿನ ಹೊಳೆಯಾಚೆಯ ಬ್ಯಾರಿ ಮುಸ್ಲಿಮರು. ದಪ್ಪ ಮೈ, ಕಪ್ಪು ಕನ್ನಡಕ, ಅವರು ಒಳಗೆ ಬರುವ ಮೊದಲೇ ಬರುವ ಅತ್ತರಿನ ಪರಿಮಳ. ಅವರ ಉದ್ಯೋಗವೇ ಮನೆ ಪರೀಕ್ಷೆ. ಒಮಾನಿಗಳು ಮನೆ ಕೊಳ್ಳುವಾಗ, ಮಾರುವಾಗ ಅವರ ಕಂಪನಿಯವರನ್ನು ಕರೆಸುತ್ತಿದ್ದರು. ಒಮ್ಮೆ ಅಲ್ ಮಬೇಲಾದ ಒಂದು ಮನೆಗೆ ನಾನು ಟೈಲ್ಸಿನ ಮಾದರಿ ಒಯ್ದಿದ್ದಾಗ ಅವರು ಅಲ್ಲಿ ಕೆಲಸದಲ್ಲಿದ್ದರು. ಮಾರುವ ಮುದುಕರು ಖಹ್ವಾ ಎಂಬ ಅವರ ಕಾಫಿ, ಖರ್ಜೂರ ಹಿಡಿದು ಕೋಣೆಯಿಂದ ಕೋಣೆಗೆ ಹಿಂದೆಯೇ ಬರುತ್ತಿದ್ದರು. ಇವರು ಅತ್ತ ತಿರುಗಿಯೂ ನೋಡದೆ ನಾಣ್ಯದಿಂದ ನೆಲ ತಟ್ಟುತ್ತ, ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸುತ್ತ, ಟಾರ್ಚ್ ಹಿಡಿದು ಸಿಂಕಿನ ಕೆಳಗೆ ತೂರುತ್ತ ಇದ್ದರು. ಕೊನೆಗೆ ಮಾರುವವರನ್ನೂ ಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿ, ಇಬ್ಬರಿಗೂ ಒಂದೇ ಮಾತು ಹೇಳಿ ಮುಗಿಸಿದರು. "ಖಲಾಸ್?" ಎಂದರು ಮುದುಕರು. "ಖಲಾಸ್," ಎಂದು ಇವರು ಖರ್ಜೂರದ ತಟ್ಟೆಯನ್ನೇ ಮಡಿಲಿಗೆ ಎಳೆದುಕೊಂಡರು. ಪರೀಕ್ಷೆ ಮುಗಿಯುವವರೆಗೆ ಮಾರುವವರ ಕೈಯ ನೀರನ್ನೂ, ಕೊಳ್ಳುವವರ ಕೈಯ ನೀರನ್ನೂ ಮುಟ್ಟುವುದಿಲ್ಲ ಎಂಬುದು ಅವರ ನಿಯಮ. ಮುಗಿದ ಮೇಲೆ ಅವರನ್ನು ತಡೆಯುವುದು ಕಷ್ಟ.

ಕ್ಯಾಸೆಟ್ ನೋಡಲು ಶುಕ್ರವಾರ ಸಂಜೆ ಬಂದರು. ಅಕ್ಕ ತಿಂಡಿಗೆಂದು ಮಾಡಿಟ್ಟ ಸಜ್ಜಿಗೆ-ಬಜಿಲ್ ಹಾಗೇ ಆರಿತು. ಅಕ್ಕನ ಮುಖ ಸಣ್ಣದಾಯಿತು.

ವೀಡಿಯೊ ತೆಗೆದವನು ಮದುವೆಗಳ ವೀಡಿಯೊ ತೆಗೆಯುವವ. ಮನೆಯನ್ನೂ ಅವನು ಮದುಮಗಳಂತೆಯೇ ಕರೆತಂದಿದ್ದ. ಮೊದಲು ಅಂಗಳದ ದಾಸವಾಳ ತೆರೆಯ ತುಂಬ ಅರಳಿತು. ಹಿಂದಿನಿಂದ ಶಹನಾಯಿ. ದಾಸವಾಳ ಕರಗಿ ಮುಂಬಾಗಿಲು, ಬಾಗಿಲು ಕರಗಿ ಹಾಲು. ಆಮೇಲೆ ಹೃದಯದ ಆಕಾರದ ಚೌಕಟ್ಟೊಂದು ಮೆಲ್ಲನೆ ತೆರೆದುಕೊಂಡಿತು. ಅದರೊಳಗೆ ಕಮೋಡು.

"ಬಾತ್‌ರೂಮಿಗೂ ಹಾರ್ಟ್!" ಎಂದು ಅಣ್ಣನ ಮಗಳು ಕಿರುಚಿದಳು. ಎಲ್ಲರೂ ನಕ್ಕೆವು. ಅಣ್ಣನೂ ನಕ್ಕರು.

"ಶಹನಾಯಿ ಬಂದ್ ಮಾಡಿ ಮಾರಾಯ್ರೆ," ಎಂದರು ಸಾಹೇಬರು. ಸದ್ದಿಲ್ಲದೆ ಇನ್ನೊಮ್ಮೆ ನೋಡಿದರು. ಮತ್ತೊಮ್ಮೆ ಹಿಂದಕ್ಕೆ ಓಡಿಸಿದರು. "ಇವ ಮೇಲೆ ನೋಡುವುದೇ ಇಲ್ಲವಲ್ಲ! ಒಂದು ಕೋಣೆಯ ತಾರಸಿಯೂ ಇಲ್ಲ ಇದ್ರಲ್ಲಿ."

"ಮದುವೆ ಶೂಟಿಂಗ್ ಮಾಡಿ ಅಭ್ಯಾಸ ಅವನಿಗೆ. ಮದುವೆಯಲ್ಲಿ ಚಪ್ಪರ ಯಾರು ನೋಡ್ತಾರೆ ಸಾಹೇಬ್ರೆ?" ಎಂದರು ಅಣ್ಣ.

"ಅದೂ ಹೌದು." ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನೋಡಿ, ಕ್ಯಾಸೆಟ್ ನೋಡಿ ನಾನು ಏನೂ ಹೇಳುವುದಿಲ್ಲ. ಫೋಟೋಕ್ಕೆ ಸ್ಟೆತಾಸ್ಕೋಪ್ ಇಟ್ಟ ಹಾಗೆ ಆಗ್ತದೆ. ಬರುವ ತಿಂಗಳು ನನ್ನ ರಜೆ. ಮಳೆಯೂ ಹಿಡಿದಿರ್ತದೆ. ನಾನೇ ಹೋಗಿ ನೋಡ್ತೇನೆ. ಆದ್ರೆ ಫೀಸು ಉಂಟು. ಅರ್ಧ ಇವ್ರು ಕೊಡ್ಬೇಕು, ಅರ್ಧ ನೀವು."

"ನಮ್ಮವರ ಹತ್ರವೂ ಫೀಸಾ?" ಎಂದರು ಅಕ್ಕ.

"ನಮ್ಮವರ ಹತ್ರವೇ ಅಕ್ಕ. ಬಿಟ್ಟಿ ನೋಡಿದ್ರೆ ನಾಳೆ ಯಾರಿಗೋ ಒಬ್ರಿಗೆ ನಾನು ದಾಕ್ಷಿಣ್ಯ ಮಾಡಿದ್ದೇನೆ ಅಂತ ಇನ್ನೊಬ್ರು ಹೇಳ್ತಾರೆ."

"ಸರಿ, ತಗೊಳ್ಳುವವ ಅವ. ಮಾರುವವ ನಾನ್ಯಾಕೆ ಕೊಡ್ಲಿ?" ಅಣ್ಣನ ದನಿ ಸ್ವಲ್ಪ ಏರಿತ್ತು.

"ಇವರಿಗಿಂತ ಹೆಚ್ಚು ನಿಮ್ಗೇ ಬೇಕು ಅದು. ನೀವು ಬೊಂಬಾಯಿಗೆ ಹೋಗ್ತೀರಿ. ಇವರು ಆ ಮನೆಯಲ್ಲಿ ಇರ್ತಾರೆ. ಒಂದು ದಿನ ಗೋಡೆ ಪಸೆ ಬಂದ್ರೆ, ನೆಂಟರು ಬಂದಾಗಲೆಲ್ಲ ಗೋಡೆ ತೋರಿಸಿ ನಿಮ್ಮ ಹೆಸರು ಹೇಳ್ತಾರೆ. ನೀವು ಅಲ್ಲಿ ಇರುವುದಿಲ್ಲ ಉತ್ತರ ಕೊಡ್ಲಿಕ್ಕೆ. ಈಗಲೇ ಗೊತ್ತಾದ್ರೆ ಯಾರೂ ಯಾರ ಹೆಸರೂ ಹೇಳ್ಬೇಕಿಲ್ಲ."

ಅಣ್ಣ ಒಪ್ಪಿದರು. ಸಂತೋಷದಿಂದ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ.

ಆ ಮಾತುಗಳನ್ನು ನಾವು ತುಳುವಿನಲ್ಲಿ ಆಡಿದೆವೋ, ಕನ್ನಡದಲ್ಲೋ, ಎರಡನ್ನೂ ಕಲಸಿಯೋ, ಹೇಳಲಾರೆ. ನೆನಪು ಈಗ ಎಲ್ಲರಿಂದಲೂ ಕನ್ನಡ ಆಡಿಸುತ್ತಿದೆ.

ಸಾಹೇಬರು ರಜೆಗೆ ಹೋದರು. ಕೆಳಗಿನ ಮಹಡಿಗೂ ಮೇಲಿನ ಮಹಡಿಗೂ ನಡುವೆ ಏನೋ ನಿಂತುಹೋಯಿತು. ಜಗಳವಿಲ್ಲ. ಮೆಟ್ಟಿಲಿನಲ್ಲಿ ಸಿಕ್ಕರೆ ಅಣ್ಣ "ಎಂತ, ಊಟ ಆಯ್ತಾ?" ಎನ್ನುತ್ತಿದ್ದರು, ಆದರೆ ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಸ್ಟೀಲಿನ ಡಬ್ಬಿ ಆಗ ನಮ್ಮ ಕಡೆ ಇತ್ತು. ಈಗ ಏನು ತುಂಬಿಸಿ ಕೊಟ್ಟರೂ ಅದಕ್ಕೆ ಬೇರೆ ಅರ್ಥ ಬರುತ್ತದೆ ಎಂದು ನನ್ನ ಹೆಂಡತಿ ಅದನ್ನು ತೊಳೆದು ಫ್ರಿಜ್ಜಿನ ಮೇಲೆ ಕವುಚಿಟ್ಟಳು. ನಾನು ನೀರು ಕುಡಿಯಲು ಹೋದಾಗಲೆಲ್ಲ ಅದು ಕಾಣುತ್ತಿತ್ತು. ಮನೆ ಚೆನ್ನಾಗಿಯೇ ಇರಲಿ ಎಂದು ಬಯಸುತ್ತಿದ್ದೆ, ನಮಗಾಗಿ ಎಷ್ಟೋ ಆ ಡಬ್ಬಿಗಾಗಿಯೂ ಅಷ್ಟೇ.

ಸಾಹೇಬರು ಮರಳಿದ್ದು ಇನ್ನೊಂದು ಕ್ಯಾಸೆಟ್ಟಿನೊಂದಿಗೆ. ಅದೇ ಮದುವೆ ವೀಡಿಯೊದವನನ್ನು ಹಿಡಿದು, ಮಳೆಯಲ್ಲಿ ಅದೇ ಮನೆಗೆ ಕರೆದೊಯ್ದಿದ್ದರು. ಇದಕ್ಕೆ ಶಹನಾಯಿ ಇರಲಿಲ್ಲ, ದಾಸವಾಳವೂ ಇರಲಿಲ್ಲ. ತೆರೆ ಬೆಳಗುವ ಮೊದಲೇ ಸದ್ದು ಬಂತು. ಮಂಗಳೂರಿನ ಮಳೆ. ವಾದಿ ಅದಾಯ್‌ನ ಉರಿಯಲ್ಲಿ, ಏಸಿ ಗುರುಗುಟ್ಟುವ ಹಾಲಿನಲ್ಲಿ, ನಾವು ಮನೆಯನ್ನು ಮರೆತು ಆ ಮಳೆಯನ್ನು ಕೇಳುತ್ತ ಕೂತೆವು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು.

ಆಮೇಲೆ ಸಾಹೇಬರದೇ ದನಿ, ಕ್ಯಾಮೆರಾದ ಹಿಂದಿನಿಂದ: "ಮೇಲೆ ಹಿಡಿ. ಇನ್ನೂ ಮೇಲೆ. ನನ್ನ ಮುಖ ಬೇಡ ಮಾರಾಯ, ಮೂಲೆ ಹಿಡಿ."

ಅಡಿಪಾಯ, ಕೆಂಪುಕಲ್ಲಿನ ಗೋಡೆ, ಚರಂಡಿ, ಬಾವಿಕಟ್ಟೆ, ಒಂದೊಂದಾಗಿ ಬಂದವು. ಕೋಣೆಯಿಂದ ಕೋಣೆಗೆ ತಾರಸಿ ಮಾತ್ರ ತೇಲಿ ಹೋಗುತ್ತಿತ್ತು, ಅಂಗಾತ ಮಲಗಿದ ನಮ್ಮನ್ನು ಯಾರೋ ಎಳೆದೊಯ್ಯುತ್ತಿದ್ದ ಹಾಗೆ. ಬಿದಿರಿನ ಕೋಲು ತಟ್ಟುತ್ತಿತ್ತು. ಹಾಲು: ಟಕ್ ಟಕ್. ಮುಂದಿನ ಕೋಣೆ: ಟಕ್ ಟಕ್. ಅಣ್ಣ ಗೋಡೆಗೆ ಒರಗಿದರು. ಅವರ ಕಾಲು ಆ ತಾಳಕ್ಕೆ ಅಲುಗುತ್ತಿದ್ದದ್ದು ನನಗೆ ನೆನಪಿದೆ, ಅಥವಾ ಅಲುಗಬೇಕೆಂದು ನನಗೆ ಆಸೆ.

ಹಿಂದಿನ ಕೋಣೆಯಲ್ಲಿ ಸದ್ದು ಬದಲಾಯಿತು. ಬದ್. ಬದ್ ಬದ್. ಕ್ಯಾಮೆರಾ ಹತ್ತಿರ ಹೋಯಿತು. ಹೊಸ ಬಿಳಿ ಬಣ್ಣದ ಕೆಳಗೆ ಉದ್ದುದ್ದಕ್ಕೆ ಬಿರುಕು, ಒಳಗಿನ ಕಬ್ಬಿಣದ ರಾಡುಗಳು ಎಲ್ಲಿವೆ ಎಂದು ಬೆರಳಿಟ್ಟು ತೋರಿಸಿದ ಹಾಗೆ. ಕೋಲು ಇನ್ನೊಮ್ಮೆ ತಗುಲಿದಾಗ ಅಂಗೈಯಷ್ಟು ಕಾಂಕ್ರೀಟು ಕಳಚಿ ಬಿತ್ತು. ವೀಡಿಯೊದವ "ಅಯ್ಯೋ" ಎಂದು ಹಿಂದೆ ಹಾರಿದ. ತೆರೆಯಲ್ಲಿ ನೆಲ, ಅವನ ಚಪ್ಪಲಿ, ಮತ್ತೆ ನೆಲ.

ಸಾಹೇಬರು ಟಿವಿ ನಿಲ್ಲಿಸಿದರು.

"ಬಾಕಿ ಮನೆ ಚಿನ್ನ," ಎಂದರು. "ಅಷ್ಟು ಗಟ್ಟಿ ಗೋಡೆ ಈಗಿನವರು ಕಟ್ಟುವುದಿಲ್ಲ. ಈ ಒಂದು ಕೋಣೆಯ ಸ್ಲ್ಯಾಬ್ ಹೋಗಿದೆ. ಇದು ಆಮೇಲೆ ಸೇರಿಸಿದ್ದಲ್ವಾ?"

ಅಣ್ಣ ತಲೆಯಾಡಿಸಿದರು. ಆ ಕೋಣೆ ಕಟ್ಟುವಾಗ ಅವರು ಮಸ್ಕತ್ತಿನಲ್ಲಿದ್ದರು. ನಿಂತು ಕಟ್ಟಿಸಿದ್ದು ಭಾವ.

"ಕಾಂಕ್ರೀಟಿಗೆ ಉಪ್ಪು ಹೊಯಿಗೆ, ಉಪ್ಪಿನ ಮರಳು ಹಾಕಿದ್ದಾರೆ. ಅಳಿವೆಯದ್ದು, ಇಲ್ಲದಿದ್ರೆ ಕಡಲಿನದ್ದೇ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ. ಇಲ್ಲಿ ಕಡಲ ಬದಿಯ ಹಳೇ ಕಟ್ಟಡಗಳಲ್ಲಿ ನಾನು ದಿನಾ ನೋಡುವ ರೋಗ. ತೇಪೆ ಹಾಕಿದ್ರೆ ಆಗ್ಲಿಕ್ಕಿಲ್ಲ. ಆ ಸ್ಲ್ಯಾಬ್ ಒಡೆದು ಹೊಸತು ಹಾಕ್ಬೇಕು."

"ಯಾರ ಕಡೆಯ ಇಂಜಿನಿಯರ್ ಸಾಹೇಬ್ರೆ ನೀವು?" ಅಣ್ಣನ ಮುಖ ಕೆಂಪಾಗಿತ್ತು.

"ಎರಡು ಕಡೆಯಿಂದ್ಲೂ ಫೀಸು ತಗೊಂಡಿದ್ದೇನಲ್ಲ ಮಾರಾಯ್ರೆ, ಒಂದೇ ಕಡೆ ಆಗುವುದು ಹೇಗೆ?"

ಯಾರೂ ನಗಲಿಲ್ಲ. ನಾನು ಕಾರ್ಪೆಟ್ಟಿನ ನೂಲು ಕೀಳುತ್ತಿದ್ದೆ. ಮನೆ ಹೋಯಿತು, ಅಣ್ಣನೂ ಹೋದರು ಎಂದು ನನಗನಿಸಿತು.

ಆಗ ಅಕ್ಕ ಮಾತಾಡಿದರು. ದನಿ ತೀರಾ ತಗ್ಗಿತ್ತು. "ಇವರೇ, ಈ ರಜೆಗೆ ನಾವು ಅಲ್ಲೇ ಅಲ್ವಾ ಇರುವುದು ಅಂತ ಇದ್ದದ್ದು? ಆ ಕೋಣೆಯಲ್ಲಿ ಅಲ್ವಾ ಮಕ್ಕಳಿಗೆ ಹಾಸಿಗೆ?"

ಅದಕ್ಕೆ ಮೊದಲಿನ ಎರಡು ರಜೆಗಳಲ್ಲಿ ಅವರು ಬೊಂಬಾಯಿಗೇ ಹೋಗಿದ್ದರು. ಈ ಬಾರಿ ಮಾರುವ ಮುನ್ನ ಕೊನೆಯದಾಗಿ ಮನೆಯಲ್ಲಿ ಕೆಲವು ದಿನ ಇದ್ದು ಬರುವುದೆಂದು ಟಿಕೆಟ್ ಮಾಡಿಸಿದ್ದರು. ಹೊರಡಲು ಹೆಚ್ಚು ದಿನಗಳಿರಲಿಲ್ಲ.

ಅಣ್ಣ ಟಿವಿಯ ಖಾಲಿ ತೆರೆಯನ್ನು ನೋಡಿದರು, ಮಗಳನ್ನು ನೋಡಿದರು. ಅವಳು ಬಾಯಿಯಲ್ಲಿ ಜಡೆ ಕಚ್ಚಿಕೊಂಡಿದ್ದಳು. ಆಮೇಲೆ ಅವರು ನಾನು ನಿರೀಕ್ಷಿಸದ ಒಂದು ಕೆಲಸ ಮಾಡಿದರು. ಸಾಹೇಬರ ಎದುರಿಗೆ ಬಂದು ಕಾರ್ಪೆಟ್ಟಿನ ಮೇಲೇ ಕೂತರು. "ಒಡೆಯುವುದಾದ್ರೆ ಎಷ್ಟು ದಿನ ಬೇಕು? ಹೊಯಿಗೆ ಎಲ್ಲಿಂದ ತರಿಸ್ಬೇಕು, ಹೇಳಿ. ಈ ಸಲ ನಾನೇ ನಿಂತು ಮಾಡಿಸ್ತೇನೆ." ನನ್ನ ಕಡೆ ತಿರುಗಿ, "ನೀನು ಅಲ್ಲಿಯವರೆಗೆ ಕಾಯ್ತೀಯಾ?" ಎಂದರು.

ಕಾಯುತ್ತೇನೆ ಎಂದೆ. ಬರೀ ತಲೆಯಾಡಿಸಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

"ಖಲಾಸ್?" ಎಂದರು ಅಣ್ಣ, ಸಾಹೇಬರಿಗೆ.

"ಖಲಾಸ್. ಇನ್ನು ಎಂತ ಉಂಟು ತಿನ್ಲಿಕ್ಕೆ?"

ಇಲ್ಲಿ ಅಕ್ಕ ಒಳಗೆ ಹೋಗಿ ನೀರುದೋಸೆ ಹುಯ್ದರೆಂದೂ, ಸಾಹೇಬರು ಮೀನು ಸಾರಿನಲ್ಲಿ ಅದ್ದಿ ಲೆಕ್ಕವಿಲ್ಲದಷ್ಟು ತಿಂದರೆಂದೂ, ನನ್ನ ಹೆಂಡತಿ ಕೆಳಗೆ ಓಡಿ ಫ್ರಿಜ್ಜಿನ ಮೇಲಿನ ಡಬ್ಬಿ ತಂದಳೆಂದೂ ನನ್ನ ನೆನಪು ಹಟ ಹಿಡಿಯುತ್ತದೆ. ನನಗೆ ಅದರ ಮೇಲೆ ಅನುಮಾನ. ಎಲ್ಲವೂ ನಮ್ಮ ಹಾಲಿನಲ್ಲೇ ನಡೆದಿದ್ದರೆ ಅವಳು ಕೆಳಗೆ ಓಡುವುದೆಲ್ಲಿಗೆ? ನೀರುದೋಸೆಗೆ ಅಕ್ಕಿ ನೆನೆಹಾಕಬೇಕು, ಯಾರೂ ಮೊದಲೇ ಹಾಕಿರಲಿಕ್ಕಿಲ್ಲ. ಬಹುಶಃ ಅದು ಇನ್ನೊಂದು ಶುಕ್ರವಾರ. ಡಬ್ಬಿ ಮತ್ತೆ ಹತ್ತಿ ಇಳಿಯತೊಡಗಿದ್ದು ಮಾತ್ರ ನಿಜ. ಅದರಲ್ಲಿ ಮೊದಲು ಏನು ಹೋಯಿತು ಎಂದು ಇಬ್ಬರಿಗೂ ನೆನಪಿಲ್ಲ.

ಅಣ್ಣ ರಜೆಯಲ್ಲಿ ಅಕ್ಕ, ಮಕ್ಕಳನ್ನು ಬೊಂಬಾಯಿಯಲ್ಲಿ ಇಳಿಸಿ ತಾವೊಬ್ಬರೇ ಮಂಗಳೂರಿಗೆ ಹೋದರು. ಸ್ಲ್ಯಾಬ್ ಒಡೆಸಿದರು. ಮಳೆ ನಿಂತ ಮೇಲೆ ಮತ್ತೊಮ್ಮೆ ಹೋಗಿ, ಹೊಳೆಯ ಹೊಯಿಗೆಯನ್ನು ಬಾಯಿಗೆ ಹಾಕಿ ಉಪ್ಪಿದೆಯೇ ಎಂದು ರುಚಿ ನೋಡಿ ಹೊಸತು ಹಾಕಿಸಿದರಂತೆ. ಇದನ್ನು ಅವರೇ ಹೇಳಿ ನಗುತ್ತಿದ್ದರು. ಸಾಹೇಬರು ಮುಂದಿನ ರಜೆಗೆ ಹೋಗಿ ಎರಡನೆಯ ಬಾರಿ ನೋಡಿದ ಮೇಲೆಯೇ ನಾವು ಮನೆ ಕೊಂಡದ್ದು. ಎರಡನೆಯ ಸಲಕ್ಕೂ ಫೀಸು ತೆಗೆದುಕೊಂಡರು. ಅಣ್ಣ ತಮ್ಮ ಅರ್ಧವನ್ನು ನಾನು ಕೇಳುವ ಮೊದಲೇ ಕೊಟ್ಟಿದ್ದರು.

ಆಮೇಲಿನ ವರ್ಷಗಳಲ್ಲಿ, ತೊಂಬತ್ತರ ದಶಕದುದ್ದಕ್ಕೂ, ಶೋರೂಮಿಗೆ ಬಂದ ನಮ್ಮೂರಿನವರು ಕ್ಯಾಸೆಟ್ ನೋಡಿ ಮನೆ ಗೊತ್ತುಮಾಡಿದ್ದೇವೆ ಎಂದಾಗಲೆಲ್ಲ ನಾನು ಸಾಹೇಬರ ಬಗ್ಗೆ ಹೇಳುತ್ತಿದ್ದೆ. ಕೆಲವರು ಕೇಳಿದರು, ಕೆಲವರು "ನಮ್ಮವರೇ ಅಲ್ವಾ ಮಾರಾಯ್ರೆ" ಎಂದು ಹೋದರು. ಆ ಎರಡನೆಯವರಿಗೆಲ್ಲ ಕೆಟ್ಟದಾಯಿತು ಎಂದು ಬರೆದರೆ ಕತೆಗೆ ಚೆನ್ನ. ಆದರೆ ಹಾಗಾಗಲಿಲ್ಲ. ಹೆಚ್ಚಿನವರ ಮನೆಗಳು ಗಟ್ಟಿಯಾಗಿಯೇ ಇದ್ದವು. ಅವರಿಗೆ ಅದು ಮೊದಲೇ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿಲ್ಲದೆ ಕೆಲವು ಮಳೆಗಾಲ ಮೇಲೆ ನೋಡುತ್ತ ಮಲಗಿರಬಹುದು. ನನಗೆ ಆ ನಿದ್ದೆಗೇಡು ಇರಲಿಲ್ಲ. ಅದಕ್ಕಾಗಿ ಆ ದಪ್ಪ ಮನುಷ್ಯರಿಗೆ ನಾನು ಇಂದಿಗೂ ಋಣಿ.

ಈಗ ನಾವಿರುವುದು ಅದೇ ಮನೆಯಲ್ಲಿ. ಅಣ್ಣ, ಅಕ್ಕ ಬಂದರೆ ಆ ಹಿಂದಿನ ಕೋಣೆಯಲ್ಲೇ ಮಲಗುತ್ತಾರೆ. ಮಲಗುವ ಮುನ್ನ ಅಣ್ಣ ಕೈಕೋಲೆತ್ತಿ ತಾರಸಿಯನ್ನು ಒಮ್ಮೆ ತಟ್ಟುತ್ತಾರೆ. ಟಕ್. ತಮಾಷೆಗೆ. ಅವರ ಭಾವ ಆ ಮನೆಗೆ ಮತ್ತೆ ಬಂದದ್ದಿಲ್ಲ, ಅಣ್ಣ ಅವರ ಸುದ್ದಿ ಎತ್ತುವುದಿಲ್ಲ.

ಮೊದಲ ಕ್ಯಾಸೆಟ್ಟನ್ನು ಇನ್ನೊಮ್ಮೆ ನೋಡಬೇಕೆಂದು ಹುಡುಕಿದೆ. ಬೂಷ್ಟು ಹಿಡಿದು ರೀಲು ಅಂಟಿಕೊಂಡಿದೆ. ನೋಡಿದ್ದರೂ ನನಗೆ ಬೇಕಾದದ್ದು ಅದರಲ್ಲಿ ಸಿಗುತ್ತಿರಲಿಲ್ಲ. ಆ ವೀಡಿಯೊದವ ಮೇಲೆ ನೋಡದಿದ್ದದ್ದು ಮದುವೆ ತೆಗೆದು ತೆಗೆದು ಆದ ಅಭ್ಯಾಸದಿಂದಲೋ, ಮೇಲೆ ಹಿಡಿಯಬೇಡ ಎಂದು ಭಾವ ಹೇಳಿದ್ದರೋ? ಹೇಳಿದ್ದರೆ, ಅದು ಅಣ್ಣನಿಗೆ ಗೊತ್ತಿತ್ತೋ? ಮಸ್ಕತ್ ಬಿಡುವ ಮೊದಲು ಒಮ್ಮೆ ಸಾಹೇಬರನ್ನು ಕೇಳಿದ್ದೆ. ವೀಡಿಯೊದವ ಅವರ ಜೊತೆ ಇಡೀ ದಿನ ಇದ್ದನಲ್ಲ, ಏನಾದರೂ ಹೇಳಿರಬೇಕು. ಅವರು ಕನ್ನಡಕ ಒರೆಸುತ್ತ, "ನಾನು ಸ್ಲ್ಯಾಬ್ ನೋಡುವವ. ಮನುಷ್ಯರನ್ನು ತಟ್ಟಿ ನೋಡುವ ಫೀಸು ನೀವು ಕೊಟ್ಟಿಲ್ಲ," ಎಂದರು.

ಅಣ್ಣನನ್ನು ನಾನು ಕೇಳಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.